ಬಳ್ಳಿ ತರಕಾರಿಗಳ ಕುಟುಂಬ ಮತ್ತು ಬೀಜದ ಶುದ್ಧತೆ

ತುಮಕೂರಿನ ಶೆಟ್ಟಿಹಳ್ಳಿ, ಗುಬ್ಬಿ ಹಾಗೂ ಕುಣಿಗಲ್ ಕಡೆಯ ರೈತರಿಗೆ ಪರಿಚಿತವಾದ ಸೋರೆ, ಹೀರೆ, ಹಾಗಲ, ಪಡವಲ, ಕುಂಬಳ, ಸೌತೆಗಳೆಲ್ಲವೂ ಕುಕುರ್ಬಿಟೇಸಿ ಎಂಬ ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ. ಇದರಲ್ಲಿ ಸುಮಾರು 95 ಜಾತಿಗಳೂ 950ಕ್ಕೂ ಹೆಚ್ಚು ಪ್ರಭೇದಗಳೂ ಇವೆ. ಮನೆಯಲ್ಲೇ ಬೀಜ ಉಳಿಸಿಕೊಳ್ಳುವವರು ಈ ವರ್ಗೀಕರಣವನ್ನು ತಿಳಿದಿರುವುದು ಲಾಭಕರ. ಯಾವುದು ಯಾವುದರೊಡನೆ ಬೆರಕೆಯಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಗುರುತಿಸುವ ಬಗೆ: ಈ ಸಸ್ಯಗಳು ಸುರುಳಿಯಾಗಿ ಸುತ್ತುವ ತಂತುಗಳಿಂದ ಹಬ್ಬುತ್ತವೆ. ಹೆಚ್ಚಿನವುಗಳಲ್ಲಿ ಗಂಡು ಹೂ, ಹೆಣ್ಣು ಹೂಗಳು ಒಂದೇ ಬಳ್ಳಿಯಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಹೆಣ್ಣು ಹೂವಿನ ದಳಗಳ ಕೆಳಗೆ ಪುಟ್ಟ ಕಾಯಿ ಕಾಣುತ್ತದೆ. ತೊಂಡೆ, ಮಾಡಹಾಗಲಗಳಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಆದ್ದರಿಂದ ಮಾಡಹಾಗಲದ ತಾಕಿನಲ್ಲಿ ಕೆಲವು ಗಂಡು ಬಳ್ಳಿಗಳೂ ಇರಬೇಕು.

ಹೆಸರಿಗೆ ಮೋಸಹೋಗಬಾರದು: ಸಾಂಬಾರಿಗೆ ಬಳಸುವ ಮಂಗಳೂರು ಸೌತೆ ಹೆಸರಿಗೆ ಸೌತೆಯಾದರೂ ಪ್ರಭೇದದಲ್ಲಿ ಕರಬೂಜ. ಹಸಿಯಾಗಿ ತಿನ್ನುವ ಸೌತೆಯ ವರ್ಣತಂತುಗಳು 14, ಕರಬೂಜದವು 24. ಇವೆರಡೂ ಸಹಜವಾಗಿ ಬೆರಕೆಯಾಗುವುದಿಲ್ಲ. ಆದರೆ ಮಂಗಳೂರು ಸೌತೆಯ ಪಕ್ಕದಲ್ಲಿ ಕರಬೂಜವಿದ್ದರೆ ಬೆರಕೆ ಖಂಡಿತ. ರಫ್ತಿಗಾಗಿ ಬೆಳೆಯುವ ಮಿಡಿಸೌತೆಯೂ ಹಸಿಸೌತೆಯೂ ಒಂದೇ ಪ್ರಭೇದವಾದ್ದರಿಂದ ಅವೂ ಬೆರೆಯುತ್ತವೆ. ಸಿಹಿಗುಂಬಳ, ಬೂದುಗುಂಬಳಗಳು ಬೇರೆ ಬೇರೆ ಜಾತಿಯವು. ಇವುಗಳನ್ನು ಅಕ್ಕಪಕ್ಕ ಬೆಳೆದರೂ ಬೀಜ ಕೆಡದು. ಸೀಮೆಬದನೆಯು ಬದನೆಯ ನಂಟಲ್ಲ, ಇದೇ ಕುಟುಂಬದ್ದು.

ಬೀಜಕ್ಕಾಗಿ ಬೆಳೆಯುವಾಗ: ಜೇನುನೊಣಗಳು ದೂರದ ಹೊಲದಿಂದಲೂ ಪರಾಗ ತರುತ್ತವೆ. ಪ್ರಮಾಣಿತ ಬೀಜಕ್ಕೆ ಒಂದೇ ಪ್ರಭೇದದ ಬೇರೆ ತಳಿಯಿಂದ 500 ಮೀಟರ್, ಮೂಲ ಬೀಜಕ್ಕೆ 1000 ಮೀಟರ್ ಅಂತರವಿರಬೇಕು. ಸಣ್ಣ ಹಿಡುವಳಿಯಲ್ಲಿ ಇದು ಸಾಧ್ಯವಾಗದಿದ್ದರೆ ಕೈಯಿಂದ ಪರಾಗಸ್ಪರ್ಶ ಮಾಡಬಹುದು. ಸೌತೆ, ಕುಂಬಳಗಳ ಹೂ ಬೆಳಿಗ್ಗೆ ಅರಳುವುದರಿಂದ ಹಿಂದಿನ ಸಂಜೆಯೇ ಗಂಡು, ಹೆಣ್ಣು ಮೊಗ್ಗುಗಳಿಗೆ ಕಾಗದದ ಚೀಲ ಕಟ್ಟಬೇಕು. ಬೆಳಿಗ್ಗೆ ಪರಾಗ ತಾಗಿಸಿ, ಹೆಣ್ಣು ಹೂವಿಗೆ ಮತ್ತೆ ಚೀಲ ಕಟ್ಟಿ ಗುರುತಿನ ದಾರ ಹಾಕಬೇಕು. ಸೋರೆ, ಹೀರೆಗಳ ಹೂ ಸಂಜೆ ಅರಳುತ್ತವೆ. ಇವುಗಳಿಗೆ ಮಧ್ಯಾಹ್ನವೇ ಚೀಲ ಕಟ್ಟಬೇಕು.

ಬೆರಕೆಯ ಗುಣವು ಆ ವರ್ಷದ ಕಾಯಿಯಲ್ಲಿ ಕಾಣದು. ಬೀಜ ಬಿತ್ತಿದ ಮುಂದಿನ ಬೆಳೆಯಲ್ಲಿ ಹೊರಬೀಳುತ್ತದೆ. ಆದ್ದರಿಂದ ಕಾಯಿಯ ಅಂದ ನೋಡಿ ಬೀಜ ಶುದ್ಧವೆಂದು ನಂಬಬಾರದು. ಸೋರೆಯ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗಿದು ಆ ಕಾಯಿಯನ್ನು ಎಸೆಯಬೇಕು. ಕುಕುರ್ಬಿಟಾಸಿನ್ ಎಂಬ ಈ ಕಹಿವಸ್ತು ವಿಷಕಾರಿ. ಅಂಥ ಕಾಯಿ ಅಡಿಗೆಗೂ ಬೇಡ, ಬೀಜಕ್ಕೂ ಬೇಡ.