ಒಂದೇ ನೋವು, ಎರಡು ಮದ್ದು

ಮಂಡಿಯ ನೋವೆಂದು ಒಂದೇ ಬೆಳಗ್ಗೆ ಆಯುರ್ವೇದ ಪಂಡಿತರ ಬಳಿಗೆ ಬಂದ ಇಬ್ಬರಲ್ಲಿ ಒಬ್ಬರಿಗೆ ಬೆಚ್ಚಗಿನ ತೈಲದ ಅಭ್ಯಂಗವೂ, ಮತ್ತೊಬ್ಬರಿಗೆ ಎಣ್ಣೆಯನ್ನು ಮೈಗೆ ಸೋಕಿಸಲೇ ಕೂಡದೆಂಬ ಕಟ್ಟಪ್ಪಣೆಯೂ ದೊರೆತರೆ, ಹೊರಗಿನ ಬೆಂಚಿನ ಮೇಲೆ ಕುಳಿತು ಚೀಟಿಗಳನ್ನು ತಾಳೆನೋಡುವ ಅವರಿಗೆ ಅಚ್ಚರಿಯಾಗುವುದು ಸಹಜವೇ ಸರಿ. ಆದರೆ ಬಹುಕಾಲ ಕಾಡುವ ವ್ಯಾಧಿಗಳಲ್ಲಿ ಈ ಶಾಸ್ತ್ರದ ಜೀವಾಳವಿರುವುದು ಇಂತಹ ಭೇದದಲ್ಲಿಯೇ. ದೇಶಕಾಲಗಳನ್ನು ಅರಿತು, ವ್ಯಕ್ತಿವ್ಯಕ್ತಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸಿ ಔಷಧವನ್ನು ಯೋಜಿಸಬಲ್ಲವನೇ ಉತ್ತಮ ವೈದ್ಯನೆಂದು ಚರಕಸಂಹಿತೆಯು ತನ್ನ ಮೊದಲನೆಯ ಅಧ್ಯಾಯದಲ್ಲಿಯೇ ಸಾರಿದೆ.

ಆ ಇಬ್ಬರ ಸಂಗತಿಯನ್ನೇ ನೋಡೋಣ. ವಯಸ್ಸಿನಿಂದ ಸವೆದ ಕೀಲಿನಲ್ಲಿ ವಾತವು ನೆಲೆಸಿ, ನಡೆದಾಗ ನೋವೂ ಮಡಿಸಿದಾಗ ಕಟಕಟ ಶಬ್ದವೂ ತೋರಿದರೆ ಅದು ಸಂಧಿಗತ ವಾತ. ಅಲ್ಲಿ ರೂಕ್ಷತೆಯೇ ಮೂಲವಾದಕಾರಣ ಸ್ನೇಹವೇ ಮದ್ದು. ಜಠರಾಗ್ನಿಯು ಮಂದವಾಗಿ, ಉಂಡ ಅನ್ನವು ಪಕ್ವವಾಗದೆ ಉಳಿದ 'ಆಮ'ವು ವಾತದೊಡನೆ ಕೂಡಿ ಕೀಲುಗಳನ್ನು ಹಿಡಿದು, ಮೈ ಬಿಗಿದು, ಕೀಲುಗಳು ಬಾತುಕೊಂಡು, ಅರುಚಿಯೂ ಮೈಭಾರವೂ ಕಾಣಿಸಿಕೊಂಡರೆ ಅದು ಆಮವಾತ. ಇದನ್ನು ಪ್ರತ್ಯೇಕ ವ್ಯಾಧಿಯಾಗಿ ವಿವರಿಸಿದ ಕೀರ್ತಿ ಮಾಧವನಿದಾನವನ್ನು ರಚಿಸಿದ ಮಾಧವಕರನದು. ಆಮವಿರುವಾಗ ಎಣ್ಣೆ ತಿಕ್ಕಿದರೆ ಬಾವು ಹೆಚ್ಚುವುದೆಂಬುದು ವೈದ್ಯರ ನಂಬುಗೆ. ಆದ್ದರಿಂದ ಇಲ್ಲಿ ಮೊದಲು ಲಂಘನ, ಶುಂಠಿಯಂತಹ ದೀಪನ ದ್ರವ್ಯಗಳು, ಆಮೇಲೆ ಮರಳಿನ ಶಾಖ. ಜರಡಿ ಹಿಡಿದ ಶುಭ್ರವಾದ ಮರಳನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದು, ದಪ್ಪ ಬಟ್ಟೆಯಲ್ಲಿ ಪೊಟ್ಟಲಿ ಕಟ್ಟಿ, ಉಪಚಾರಕನು ಮೊದಲು ತನ್ನ ಕೈಯ ಹಿಂಬದಿಗೆ ತಾಗಿಸಿ ಬಿಸಿಯನ್ನು ಅಳೆದುಕೊಂಡು, ಬಳಿಕ ಒಂದೊಂದು ಕೀಲಿಗೂ ಮೆಲ್ಲನೆ ಒತ್ತುತ್ತಾನೆ. ಒಂದು ಪೊಟ್ಟಲಿ ಆರುವಷ್ಟರಲ್ಲಿ ಮತ್ತೊಂದು ಬಾಣಲೆಯ ಮೇಲೆ ಸಿದ್ಧವಾಗಿರುತ್ತದೆ.

ಪಥ್ಯವು ಇದಕ್ಕಿಂತಲೂ ಕಠಿಣ. ಮೊಸರು, ಹಾಲು, ಬೆಲ್ಲ, ಮೀನು, ಬಸಳೆ, ಉದ್ದು ಇವೆಲ್ಲವೂ ಆಮವಾತಕ್ಕೆ ಅಪಥ್ಯವೆಂದು ಗ್ರಂಥಗಳು ಹೇಳುತ್ತವೆ. ಉದ್ದು ಹೋಯಿತೆಂದರೆ ಇಡ್ಲಿ ದೋಸೆಗಳೂ ಹೋದಂತೆ. ಕರಾವಳಿಯವರಿಗಾದರೋ ಮೀನೂ ಬಸಳೆಯೂ ಒಮ್ಮೆಗೇ ತಪ್ಪಿದರೆ ಊಟದಲ್ಲಿ ಉಳಿಯುವುದೇ ಅಲ್ಪ. ಒಳ್ಳೆಯ ವೈದ್ಯನು ನಿಷೇಧದ ಪಟ್ಟಿಯನ್ನು ಕೈಗಿತ್ತು ಸುಮ್ಮನಾಗುವುದಿಲ್ಲ. ಹುರುಳಿಯ ಸಾರು, ಬೆಳ್ಳುಳ್ಳಿ, ಪಡವಲಕಾಯಿಗಳಿಂದ ಮನೆಯವರು ದಿನದಿನವೂ ಏನನ್ನು ಮಾಡಿಕೊಡಬಹುದೆಂಬುದನ್ನು ಅಡುಗೆ ಮಾಡುವವರನ್ನೇ ಕೂರಿಸಿಕೊಂಡು ತಿಳಿಹೇಳುತ್ತಾನೆ. ಬಾಲ್ಯದಿಂದ ರೂಢಿಯಾಗಿ ಮೈಗೊಗ್ಗಿದ ಆಹಾರಕ್ಕೆ ಸಾತ್ಮ್ಯವೆಂದು ಹೆಸರು. ರಾಯಚೂರಿನ ಜೋಳದ ರೊಟ್ಟಿಯವರಿಗೂ, ಕೋಲಾರದ ರಾಗಿಮುದ್ದೆಯವರಿಗೂ, ಕುಚ್ಚಲಕ್ಕಿಯ ಗಂಜಿಯುಂಡು ಬೆಳೆದ ದಕ್ಷಿಣ ಕನ್ನಡದವರಿಗೂ ಒಂದೇ ಪಥ್ಯವನ್ನು ವಿಧಿಸುವುದು ಶಾಸ್ತ್ರಸಮ್ಮತವಲ್ಲ.

ಸಾತ್ಮ್ಯವು ಚರಕನ ವಿಮಾನಸ್ಥಾನದಲ್ಲಿ ಬರುವ ದಶವಿಧ ಪರೀಕ್ಷೆಗಳಲ್ಲಿ ಒಂದು ಮಾತ್ರ. ಪ್ರಕೃತಿ, ವಿಕೃತಿ, ಧಾತುಗಳ ಸಾರ, ಮೈಕಟ್ಟು, ಅಂಗಪ್ರಮಾಣ, ಮನೋಬಲ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಇವುಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ ಹೊರತು ಔಷಧದ ಪ್ರಮಾಣವು ನಿಶ್ಚಯವಾಗದು. ಆದಕಾರಣವೇ, ಹಸಿವು ಹೊತ್ತಿಗೆ ಸರಿಯಾಗಿ ಆಗುವುದೋ, ಮಲವಿಸರ್ಜನೆ ಸುಲಭವೋ, ನಿದ್ರೆ ಎಂತಹುದು, ಚಳಿ ಹೆಚ್ಚೋ ಸೆಕೆ ಹೆಚ್ಚೋ ಎಂಬ ಪ್ರಶ್ನೆಗಳಿಂದಲೇ ಮೊದಲ ಭೇಟಿಯ ಬಹುಭಾಗ ಕಳೆಯುತ್ತದೆ. ಈ ಉತ್ತರಗಳಿಗೆ ಬೆಲೆ ಎಷ್ಟೆಂಬುದು ವಿರೇಚನಕ್ಕೆ ಮುನ್ನ ಕುಡಿಸುವ ಔಷಧಘೃತದಲ್ಲಿ ಕಾಣುತ್ತದೆ. ಮಲವಿಸರ್ಜನೆ ಸುಲಭವಾದ ಮೃದುಕೋಷ್ಠದವನಿಗೆ 3 ದಿನಗಳಲ್ಲಿಯೇ ಮೈ ಸ್ನಿಗ್ಧವಾದರೆ, ಅದು ಕಷ್ಟವಾದ ಕ್ರೂರಕೋಷ್ಠದವನಿಗೆ 7 ದಿನ ಹಿಡಿಯುತ್ತದೆ. ದಿನಗಳ ಲೆಕ್ಕವನ್ನು ರೋಗಿಯ ಶರೀರವೇ ಹೇಳಬೇಕು.

ಪ್ರಮೇಹದಲ್ಲಿ ಈ ವಿವೇಚನೆ ಇನ್ನೂ ಸ್ಫುಟವಾಗಿದೆ. ಸ್ಥೂಲನೂ ಬಲಶಾಲಿಯೂ ಆದ ಪ್ರಮೇಹಿಗೆ ದೋಷಗಳನ್ನು ಹೊರಹಾಕುವ ಶೋಧನವನ್ನು ವಿಧಿಸಿದ ಚರಕನು, ಕೃಶನೂ ದುರ್ಬಲನೂ ಆದವನಿಗೆ ಪುಷ್ಟಿ ನೀಡುವ ಬೃಂಹಣವನ್ನು ಹೇಳುತ್ತಾನೆ. ಒಬ್ಬನ ಚಿಕಿತ್ಸೆಯು ಇನ್ನೊಬ್ಬನಿಗೆ ಕೇಡಾದೀತು. ಇಂದಿನ ವೈದ್ಯಕೀಯವು ಗುರುತಿಸುವ ಮಧುಮೇಹದ ಪ್ರಭೇದಗಳಿಗೆ ಇದು ಯಥಾವತ್ತಾಗಿ ಹೊಂದುವುದೆಂದು ಹೇಳಲಾಗದಾದರೂ, ಪ್ರಾಚೀನರ ಅವಲೋಕನವು ಗೌರವಕ್ಕೆ ಅರ್ಹವಾದದ್ದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು: ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರೂ, ಸ್ಟಿರಾಯ್ಡ್ ಮಾತ್ರೆಗಳ ಮೇಲಿರುವವರೂ ಕಷಾಯವನ್ನು ನಂಬಿ ಅವನ್ನು ತಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ಪಾದರಸ, ಸೀಸ ಮುಂತಾದ ಲೋಹಗಳನ್ನೊಳಗೊಂಡ ರಸೌಷಧಗಳನ್ನು ಅಂಗಡಿಯಿಂದ ತಂದು ತಾವೇ ಸೇವಿಸಿ ಮೂತ್ರಪಿಂಡಗಳನ್ನು ಕೆಡಿಸಿಕೊಂಡವರುಂಟು. ಹೊಣೆಯರಿತ ವೈದ್ಯನು ರೋಗಿಯ ಹಳೆಯ ಚೀಟಿಗಳನ್ನೆಲ್ಲ ತರಿಸಿ ಓದುತ್ತಾನೆ, ರಕ್ತಪರೀಕ್ಷೆಗೂ ಕಳುಹಿಸುತ್ತಾನೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ರಾಜಾಶ್ರಯವೂ ಜನಾಶ್ರಯವೂ ದೊರೆತಿವೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಯಿತು. 1913ರಲ್ಲಿ ನಂಜನಗೂಡಿನ ಸದ್ವೈದ್ಯಶಾಲೆಯು ಸಿದ್ಧೌಷಧಗಳ ತಯಾರಿಕೆಗೆ ತೊಡಗಿತು. ಔಷಧವು ಸೀಸೆಯಲ್ಲಿ ದೊರೆಯುವಂತಾದುದು ಬಡವರಿಗೆ ದೊಡ್ಡ ಉಪಕಾರವೇ. ಆದರೂ 'ಮಂಡಿನೋವಿಗೆ' ಎಂದು ಮುದ್ರಿಸಿದ ಸೀಸೆಯು ಆ ಬೆಂಚಿನ ಮೇಲಿನ ಇಬ್ಬರನ್ನೂ ಒಂದೇ ಎಂದು ಭಾವಿಸುತ್ತದೆ. ಉದ್ದನೆಯ ಸಾಲಿನ ಒತ್ತಡದಲ್ಲಿ ಕೆಲವೇ ನಿಮಿಷಗಳಲ್ಲಿ ಚೀಟಿ ಬರೆಯಬೇಕಾದ ವೈದ್ಯನೂ ಹಾಗೆ ಭಾವಿಸುವ ಪ್ರಸಂಗ ಬರುತ್ತದೆ. ದಶವಿಧ ಪರೀಕ್ಷೆಯು ಬೇಡುವ ಸಮಯವನ್ನು ನಮ್ಮ ಆಸ್ಪತ್ರೆಗಳು ವೈದ್ಯರಿಗೆ ಒದಗಿಸಲೇಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಪೂರ್ಣವಾಗಿ ವಾಸಿಯಾಗದಿದ್ದರೂ ಪಥ್ಯೌಷಧಗಳಿಂದ ಹತೋಟಿಯಲ್ಲಿರುವ ವ್ಯಾಧಿಗಳನ್ನು ಶಾಸ್ತ್ರವು ಯಾಪ್ಯವೆಂದು ಕರೆದು, ಆ ಮಾತನ್ನು ರೋಗಿಯಿಂದ ಮುಚ್ಚಿಡುವುದಿಲ್ಲ. ಹಳೆಯ ಉಬ್ಬಸವು ಅಂತಹುದು. ಅಂಥವರ ಚೀಟಿಯು ಋತುವಿನೊಡನೆ ಬದಲಾಗುತ್ತದೆ: ಕಫವು ಕರಗುವ ವಸಂತದಲ್ಲಿ ವಮನ, ಪಿತ್ತವು ಕೆರಳುವ ಶರತ್ತಿನಲ್ಲಿ ವಿರೇಚನ. ವಾತವು ಪ್ರಕೋಪಗೊಳ್ಳುವ ಮಳೆಗಾಲದಲ್ಲಿ ಕೀಲುನೋವಿನವರು ಗುದಮಾರ್ಗದಿಂದ ಔಷಧವೇರಿಸುವ ಬಸ್ತಿಗೆಂದು ಬಂದು ಸೇರುತ್ತಾರೆ; 8 ಬಸ್ತಿಗಳ ಯೋಗಬಸ್ತಿ ಸಾಕೋ, 30ರ ಕರ್ಮಬಸ್ತಿಯೇ ಬೇಕೋ ಎಂಬುದನ್ನು ವೈದ್ಯನು ಆ ವರ್ಷದ ಅವರ ಬಲವನ್ನೂ ಹಸಿವನ್ನೂ ಮತ್ತೆ ಕೇಳಿ ತಿಳಿದೇ ನಿರ್ಧರಿಸುತ್ತಾನೆ.