ಮಣ್ಣಿಲ್ಲದ ಗಿಡ ಎಷ್ಟು ದೊಡ್ಡದಾಗುತ್ತದೆ?

ನರ್ಸರಿಯಲ್ಲಿ ಗಾಜಿನ ಗೋಳದೊಳಗೆ ಕೂತ ಏರ್ ಪ್ಲಾಂಟನ್ನು ನೋಡಿದವರು ಇದು ಎಂದೆಂದಿಗೂ ಅಂಗೈಯಗಲವೇ ಇರುತ್ತದೆ ಎಂದು ನಂಬಿ ಮನೆಗೆ ತರುತ್ತಾರೆ. ಅದು ಟಿಲ್ಯಾಂಡ್ಸಿಯ ಅಯೊನಾಂಥ ಆಗಿದ್ದರೆ ನಂಬಿಕೆ ಸುಳ್ಳಾಗುವುದಿಲ್ಲ. ಪೂರ್ತಿ ಬೆಳೆದಾಗಲೂ ಅದು ಹತ್ತು ಸೆಂಟಿಮೀಟರ್ ದಾಟುವುದು ಅಪರೂಪ. ಆದರೆ ಪಕ್ಕದ ಗೋಳದಲ್ಲಿ, ಅಷ್ಟೇ ಗಾತ್ರದಲ್ಲಿ, ಟಿಲ್ಯಾಂಡ್ಸಿಯ ಕ್ಸೆರೊಗ್ರಾಫಿಕಾದ ಮರಿಯೂ ಕೂತಿರಬಹುದು. ಮೆಕ್ಸಿಕೊ, ಗ್ವಾಟೆಮಾಲಾ ಸೀಮೆಯ ಈ ಬೆಳ್ಳಿ ಬಣ್ಣದ ಗಿಡ 90 ಸೆಂಟಿಮೀಟರಿಗೂ ಹೆಚ್ಚು ಅಗಲಕ್ಕೆ ಹರಡಬಲ್ಲದು. ಅದರ ಹೂದಂಡು ಒಂದು ಮೀಟರ್ ಎತ್ತರಕ್ಕೆ ಏರಬಲ್ಲದು. ಎರಡಕ್ಕೂ ಮಣ್ಣಿಲ್ಲ, ಕುಂಡವಿಲ್ಲ, ನೀರು ಹೀರುವ ಬೇರಿಲ್ಲ.

ಟಿಲ್ಯಾಂಡ್ಸಿಯ ಕುಲದಲ್ಲಿ 650ರ ಆಸುಪಾಸು ಪ್ರಭೇದಗಳಿವೆ. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಅರ್ಜೆಂಟೀನಾ, ಚಿಲಿಯವರೆಗೆ ಅವುಗಳ ತವರು. ಇವು ನಮ್ಮ ಮಲೆನಾಡಿನ ಸೀತಾಳೆ ಹೂವಿನ ಗಿಡದ ಹಾಗೆ ಮರದ ಮೇಲೆ ಕೂರುತ್ತವೆಯೇ ಹೊರತು ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಸೀತಾಳೆಗೆ ಇವು ನೆಂಟರಲ್ಲ, ನಿಜವಾದ ನೆಂಟ ಅನಾನಸು. ಬನವಾಸಿ, ಸಾಗರದ ಹೊಲಗಳಲ್ಲಿ ನಿಂತಿರುವ ಅನಾನಸು ಗಿಡದ ಎಲೆಗಳ ಸುತ್ತನ್ನೊಮ್ಮೆ ಮೇಲಿನಿಂದ ನೋಡಿ. ಏರ್ ಪ್ಲಾಂಟಿನ ಮೈಕಟ್ಟು ಅಲ್ಲೇ ಕಾಣುತ್ತದೆ.

ಏರ್ ಪ್ಲಾಂಟೂ ಸೇರಿರುವ ಅನಾನಸು ಕುಟುಂಬದ ಅತಿ ದೊಡ್ಡ ಸದಸ್ಯ ಪೆರು ಮತ್ತು ಬೊಲಿವಿಯಾದ ಆಂಡಿಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ 3,200 ಮೀಟರಿಗೂ ಮೇಲೆ ಬದುಕುವ ಪೂಯಾ ರೈಮಂಡಿ. ಹೂಬಿಟ್ಟಾಗ ಅದರ ಎತ್ತರ 10 ಮೀಟರ್ ದಾಟುತ್ತದೆ, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ಒಂದೇ ದಂಡಿನಲ್ಲಿ 8,000ಕ್ಕೂ ಹೆಚ್ಚು ಹೂಗಳು, ಲಕ್ಷಲಕ್ಷ ಬೀಜಗಳು. ಆ ಒಂದು ಹೂವಿಗಾಗಿ ಬೆಟ್ಟದ ಚಳಿಯಲ್ಲಿ ಅದು 80ರಿಂದ 100 ವರ್ಷ ಕಾಯುತ್ತದೆ, ಹೂಬಿಟ್ಟು ಸಾಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ 1958ರಲ್ಲಿ ಬಿತ್ತಿದ ಒಂದು ಬೀಜ ಮಾತ್ರ 1986ರಲ್ಲೇ, 28ನೇ ವರ್ಷಕ್ಕೆ ಹೂಬಿಟ್ಟಿತು. ಐದು ಸೆಂಟಿಮೀಟರಿನ ಅಯೊನಾಂಥಕ್ಕೂ ಈ ದೈತ್ಯನಿಗೂ ಎತ್ತರದಲ್ಲಿ 200 ಪಟ್ಟು ಅಂತರ. ಆದರೂ ಇಬ್ಬರ ಬಾಳಿನ ನಿಯಮ ಒಂದೇ: ಎಲೆಗಳ ಸುತ್ತಿನ ನಟ್ಟನಡುವೆ ಹೂದಂಡು ಎದ್ದಿತೆಂದರೆ ಆ ಸುತ್ತಿನ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಮುಂದೆ ಒಂದೇ ಒಂದು ಹೊಸ ಎಲೆಯೂ ಅದರಲ್ಲಿ ಬರುವುದಿಲ್ಲ.

ಗಾತ್ರದ ಬಗ್ಗೆ ಚಿಂತಿಸುವವರು ಮೊದಲು ತಿಳಿಯಬೇಕಾದ್ದು ಇದನ್ನೇ. ಫೈಕಸ್ಸನ್ನೋ ದಾಸವಾಳವನ್ನೋ ಕತ್ತರಿ ಹಿಡಿದು ಅಂಕೆಯಲ್ಲಿಡಬಹುದು. ಸವರಿದಲ್ಲಿ ಮತ್ತೆ ಚಿಗುರುತ್ತದೆ. ಏರ್ ಪ್ಲಾಂಟಿನ ಎಲೆ ಬುಡದಿಂದ ಬೆಳೆಯುವಂಥದ್ದು. ತುದಿ ಕತ್ತರಿಸಿದರೆ ಅಲ್ಲಿ ಚಿಗುರು ಬಾರದು, ಕುಯ್ದ ಗುರುತು ಆ ಎಲೆ ಇರುವಷ್ಟು ಕಾಲವೂ ಉಳಿಯುತ್ತದೆ. ಒಣಗಿದ ತುದಿಯನ್ನು ಓರೆಯಾಗಿ ಸವರಿ ಚಂದ ಮಾಡಬಹುದು, ಅಷ್ಟೇ. ಚಿಕ್ಕ ಗಿಡ ಬೇಕಿದ್ದವರು ಚಿಕ್ಕ ಜಾತಿಯನ್ನೇ ತರಬೇಕು. ಗಿಡದ ಹೆಸರನ್ನೇ ಬರೆಯದೆ ಬರೀ ‘ಏರ್ ಪ್ಲಾಂಟ್’ ಎಂದು ಚೀಟಿ ಅಂಟಿಸಿ ಮಾರುವುದು ಕೊಳ್ಳುವವರಿಗೂ ಗಿಡಕ್ಕೂ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಮನೆಯೊಳಗೆ ಈ ಗಿಡಗಳು ಬೆಳೆಯುವ ವೇಗವೂ ಬೆರಗಿನದ್ದೇ. ಬೀಜದಿಂದ ಹುಟ್ಟಿದ ಸಸಿ ಒಂದು ವರ್ಷ ಕಳೆದರೂ ಕೆಲವೇ ಮಿಲಿಮೀಟರ್ ಇರುತ್ತದೆ. ಇದಕ್ಕೆ ಕಾರಣ ಉಸಿರಾಟದ ಜಿಪುಣತನ. ಬಹುಪಾಲು ಗಿಡಗಳು ಎಲೆಯ ರಂಧ್ರಗಳನ್ನು ಹಗಲಿನಲ್ಲಿ ತೆರೆದು ಇಂಗಾಲದ ಡೈ ಆಕ್ಸೈಡ್ ಒಳಗೆಳೆದುಕೊಂಡರೆ, ಬೂದುಬಣ್ಣದ ಟಿಲ್ಯಾಂಡ್ಸಿಯಗಳು ಹಗಲೆಲ್ಲ ಬಾಗಿಲು ಮುಚ್ಚಿ ರಾತ್ರಿ ತೆರೆಯುತ್ತವೆ. ನೀರು ಆವಿಯಾಗುವುದು ತಪ್ಪುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಅದಕ್ಕೇ ನೀರನ್ನು ಬೆಳಿಗ್ಗೆ ಕೊಡಬೇಕು. ರಾತ್ರಿ ಎಲೆ ಒದ್ದೆಯಾಗಿದ್ದರೆ ಉಸಿರು ಕಟ್ಟಿದಂತೆಯೇ.

ಆ ಬೂದುಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಎಲೆಯ ಮೈತುಂಬ ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಹೊಪ್ಪಳೆಗಳು ಒತ್ತೊತ್ತಾಗಿ ಕೂತಿರುತ್ತವೆ. ಒಣಗಿದ್ದಾಗ ಅಂಚು ಮೇಲೆದ್ದು ಬಿಸಿಲನ್ನು ಚದುರಿಸುತ್ತವೆ. ನೀರು ಬಿದ್ದೊಡನೆ ಚಪ್ಪಟೆಯಾಗಿ, ಹನಿಯನ್ನು ಎಲೆಯೊಳಗೆ ದಾಟಿಸುತ್ತವೆ. ಮೂರಡಿಯ ಗಿಡವೊಂದು ಬದುಕುವುದು ಈ ಕಣ್ಣಿಗೆ ಕಾಣದ ಬಾಯಿಗಳಿಂದ. ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆಬಾವಿಯ ಗಡಸು ನೀರು ಸುಣ್ಣದ ಪದರವಾಗಿ ಕಟ್ಟಿಕೊಂಡು ಇವೇ ಬಾಯಿಗಳನ್ನು ಮುಚ್ಚುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರ ಮನೆಯ ಗಿಡದ ಕಳೆಯೇ ಬೇರೆ.

ಈ ಹೊಪ್ಪಳೆಗಳ ಸಾಮರ್ಥ್ಯದ ಕೊನೆಯ ತುದಿ ಕಾಣಲು ಚಿಲಿಯ ಅಟಕಾಮ ಮರುಭೂಮಿಗೆ ಹೋಗಬೇಕು. ಇಕಿಕೆ ನಗರದ ಸುತ್ತ ವರ್ಷಕ್ಕೆ ಬೀಳುವ ಸರಾಸರಿ ಮಳೆ 1 ಮಿಲಿಮೀಟರಿನ ಆಜುಬಾಜು. ಅಲ್ಲಿ ಟಿಲ್ಯಾಂಡ್ಸಿಯ ಲ್ಯಾಂಡ್‌ಬೆಕಿ ಬರೀ ಮರಳಿನ ಮೇಲೆ, ಸಮುದ್ರದಿಂದ ಬರುವ ಮಂಜನ್ನೇ ಕುಡಿದು, ದಿಬ್ಬಗಳುದ್ದಕ್ಕೂ ಪಟ್ಟೆಪಟ್ಟೆಯಾಗಿ ಬೆಳೆಯುತ್ತದೆ. ಗಾಳಿ ತಂದ ಮರಳು ಕೆಳಭಾಗವನ್ನು ಹೂಳುತ್ತಾ ಹೋಗುತ್ತದೆ, ಮೇಲ್ಭಾಗ ಬೆಳೆಯುತ್ತಲೇ ಇರುತ್ತದೆ. ಹೂತುಹೋದ ಪದರಗಳ ವಯಸ್ಸನ್ನು ರೇಡಿಯೊಕಾರ್ಬನ್ ವಿಧಾನದಿಂದ ಅಳೆದಾಗ ಅತಿ ಹಳೆಯವು ಮೂರು ಸಾವಿರ ವರ್ಷ ದಾಟಿದ್ದವು.

ಹರಡುವುದರಲ್ಲಿ ಮಾತ್ರ ಸ್ಪ್ಯಾನಿಷ್ ಮಾಸ್ ಎಂಬ ಟಿಲ್ಯಾಂಡ್ಸಿಯ ಉಸ್ನಿಯಾಯ್ಡಿಸ್ ಅನ್ನು ಮೀರಿಸಿದವರಿಲ್ಲ. ಹೆಸರಿನಲ್ಲಿ ಮಾಸ್ ಇದ್ದರೂ ಪಾಚಿಯಲ್ಲ, ಹೂಬಿಡುವ ಗಿಡ. ಎಲೆ ಕೆಲವೇ ಸೆಂಟಿಮೀಟರ್. ಆದರೆ ಒಂದಕ್ಕೊಂದು ಕೊಂಡಿಯಾಗಿ ಮರದಿಂದ ಆರು ಮೀಟರ್ ಉದ್ದಕ್ಕೆ ಇಳಿಬೀಳುತ್ತದೆ. ವರ್ಜೀನಿಯಾದಿಂದ ಅರ್ಜೆಂಟೀನಾದವರೆಗೆ ಸುಮಾರು 8,000 ಕಿಲೊಮೀಟರ್, ಅಂದರೆ ನಮ್ಮ ದೇಶದ ಉತ್ತರ-ದಕ್ಷಿಣ ಉದ್ದದ ಎರಡೂವರೆ ಪಟ್ಟು, ಇದರ ಸೀಮೆ. ಹಾಸಿಗೆಗೆ, ಕಾರಿನ ಸೀಟಿಗೆ ತುಂಬಲು 1939ರಲ್ಲಿ ಅಮೆರಿಕದಲ್ಲಿ ಸಂಸ್ಕರಿಸಿದ್ದು 10,000 ಟನ್‌ಗೂ ಹೆಚ್ಚು. ಮನೆಯಲ್ಲಿ ಕತ್ತರಿಗೆ ಒಗ್ಗುವ ಏರ್ ಪ್ಲಾಂಟ್ ಇದೊಂದೇ ಎನ್ನಬಹುದು: ಉದ್ದವಾಯಿತೆನಿಸಿದಷ್ಟನ್ನು ಕತ್ತರಿಸಿ ಬೇರೆಡೆ ನೇತುಹಾಕಿದರೆ ಎರಡೂ ಬೆಳೆಯುತ್ತವೆ. ಗೊಂಚಲು ದಪ್ಪವಾಗಲು ಮಾತ್ರ ಬಿಡಬೇಡಿ. ನಡುವೆ ಗಾಳಿಯಾಡದೆ ಒಳಗಿಂದೊಳಗೇ ಕೊಳೆಯುತ್ತದೆ.

ಉಳಿದವುಗಳ ಆಕಾರವನ್ನು ತಿದ್ದುವುದು ನೀರು ಮತ್ತು ಬೆಳಕು. ಕ್ಸೆರೊಗ್ರಾಫಿಕಾಗೆ ನೀರು ಕಡಿಮೆಯಾದರೆ ಎಲೆ ಸುರುಳಿ ಬಿಗಿದು ಗಿಡ ಕಿರಿದಾಗಿ ಕಾಣುತ್ತದೆ. ಹೆಚ್ಚಾದರೆ ಸುರುಳಿ ಬಿಚ್ಚಿ ಅಗಲ ಕಟ್ಟುತ್ತದೆ. ಬೆಳಕು ಸಾಲದಿದ್ದರೆ ಎಲೆ ತೆಳ್ಳಗೆ ಉದ್ದವಾಗಿ ಜೋತುಬೀಳುತ್ತದೆ. ಅದನ್ನು ಬೆಳವಣಿಗೆ ಎಂದು ತಿಳಿದು ಸಂತೋಷಪಡುವುದು ಬೇಡ, ಕಿಟಕಿಯ ಹತ್ತಿರಕ್ಕೆ ಸರಿಸಿ. ಗೊಬ್ಬರದ ನೀರು ಕೊಟ್ಟರೆ ಡಬ್ಬಿಯ ಮೇಲೆ ಹೇಳಿದ್ದರ ಕಾಲುಭಾಗ, ತಿಂಗಳಿಗೊಮ್ಮೆ ಸಾಕು. ಕಟ್ಟಲು ತಾಮ್ರದ ತಂತಿ ಬೇಡ, ತಾಮ್ರ ಇಡೀ ಕುಟುಂಬಕ್ಕೇ ವಿಷ.

ಮನೆಯ ಜಾಗ ನಿಜವಾಗಿ ತುಂಬುವುದು ಮರಿಗಳಿಂದ. ಹೂಬಿಟ್ಟ ತಾಯಿ ಸಾಯುವ ಮುನ್ನ ಬುಡದಲ್ಲಿ ಮರಿಗಳನ್ನು ಹಾಕುತ್ತದೆ. ಒಂದಕ್ಕೆ ಮೂರು ಮರಿ ಎಂದಿಟ್ಟುಕೊಂಡರೂ ಎರಡನೇ ತಲೆಮಾರಿಗೆ ಒಂಬತ್ತು, ನಾಲ್ಕನೆಯದಕ್ಕೆ 81. ಬಿಡಿಸದೆ ಬಿಟ್ಟರೆ ಬೆರಳುದ್ದದ ಅಯೊನಾಂಥ ಫುಟ್‌ಬಾಲಿನಷ್ಟು ದೊಡ್ಡ ಉಂಡೆಯಾಗಿ, ಒಂದೇ ಸಲಕ್ಕೆ ಹತ್ತಾರು ಕಡೆ ಕೆಂಪೇರಿ ನೇರಳೆ ಹೂ ಚಾಚುತ್ತದೆ. ಜಾಗವಿದ್ದವರು ಹಾಗೇ ಬಿಡಲಿ. ಇಲ್ಲದವರು ಮರಿ ತಾಯಿಯ ಮೂರನೇ ಒಂದರಷ್ಟಾದರೂ ಬೆಳೆಯುವವರೆಗೆ ಕಾದು, ಬುಡ ಹಿಡಿದು ಮೆಲ್ಲಗೆ ತಿರುಚಿ ಬಿಡಿಸಲಿ. ಅದಕ್ಕೂ ಮುಂಚೆ ಬಿಡಿಸಿದ ಮರಿ ಬದುಕಿದರೂ ಬಹಳ ಕಾಲ ಕುಂಟುತ್ತದೆ. ಯಾರಿಗಾದರೂ ಕೊಡುವಾಗ ಜಾತಿಯ ಹೆಸರನ್ನೂ ಬಲಿತಾಗಿನ ಅಗಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ಕ್ಸೆರೊಗ್ರಾಫಿಕಾ ಆದರೆ ಅದು 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟ ಗಿಡ ಎಂಬುದನ್ನೂ ಸೇರಿಸಿ. ಕಾಡಿನಿಂದ ಕಿತ್ತು ತಂದದ್ದನ್ನು ಅವರು ಮುಂದೆಂದೂ ಕೊಳ್ಳದಿರಲಿ.