ಬಾಗೇವಾಡಿಯ ಪುಟ ಅಮೆರಿಕದಿಂದ ಯಾಕೆ ಬರಬೇಕು?

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತವರ ಮೊಬೈಲಿನಲ್ಲಿ ಯೂಟ್ಯೂಬಿನ ಡೊಳ್ಳಿನ ಪದ ಒತ್ತಿದ ಕೂಡಲೇ ಶುರುವಾಗುತ್ತದೆ. ಅದೇ ಮೊಬೈಲು, ಅದೇ ಸಿಮ್ಮು. ಆದರೆ ಪಕ್ಕದೂರಿನ ಟ್ರಸ್ಟೊಂದರ ವೆಬ್‌ಸೈಟ್ ತೆರೆಯಲು ಹೋದರೆ ಬಿಳಿ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ‘ನೆಟ್‌ವರ್ಕ್ ಇಲ್ರೀ’ ಎಂದು ಜನ ಫೋನು ಕಿಸೆಗೆ ಹಾಕಿಕೊಳ್ಳುತ್ತಾರೆ. ಬಹಳ ಸಲ ತಪ್ಪು ಟವರಿನದಲ್ಲ. ವಿಡಿಯೊ ಬಂದದ್ದು ಹತ್ತಿರದಿಂದ, ಟ್ರಸ್ಟಿನ ಪುಟ ಹೊರಟದ್ದು ಸಾವಿರಾರು ಕಿಲೋಮೀಟರ್ ಆಚೆಯಿಂದ.

ಜನ ಹೆಚ್ಚು ನೋಡುವ ವಿಡಿಯೊಗಳ ನಕಲನ್ನು ಗೂಗಲ್ ಭಾರತದ ಇಂಟರ್‌ನೆಟ್ ಕಂಪನಿಗಳ ಜಾಲದೊಳಗೇ ತನ್ನ ಯಂತ್ರಗಳಲ್ಲಿ ಇಟ್ಟಿರುತ್ತದೆ. ನಮ್ಮ ಶಾಲೆ, ವೃದ್ಧಾಶ್ರಮ, ಗ್ರಂಥಾಲಯ, ವಚನ ಅಧ್ಯಯನ ಕೇಂದ್ರಗಳಿಗೆ ಅಂಥ ಬಲ ಎಲ್ಲಿಂದ ಬರಬೇಕು? ವರ್ಷಕ್ಕೆ ಕೆಲವು ಸಾವಿರ ರೂಪಾಯಿಗೆ ಸಿಗುವ ಹೋಸ್ಟಿಂಗ್ ತೆಗೆದುಕೊಂಡಿರುತ್ತಾರೆ. ಅದರ ಸರ್ವರ್ ಬಹಳ ಸಲ ಅಮೆರಿಕದಲ್ಲೋ ಯುರೋಪಿನಲ್ಲೋ ಇರುತ್ತದೆ. ಅದು ಎಲ್ಲಿದೆ ಎಂದು ಕೇಳಿದವರು ಸಮಿತಿಯಲ್ಲಿ ಒಬ್ಬರೂ ಇರುವುದಿಲ್ಲ.

ಈ ಅಂತರವನ್ನು ತುಂಬುವ ವ್ಯವಸ್ಥೆ ಇವತ್ತು ಸಣ್ಣ ಸಂಸ್ಥೆಗಳಿಗೂ ಪುಕ್ಕಟೆಯಾಗಿ ಸಿಗುತ್ತದೆ. ಅದರ ಹೆಸರು ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಚಿಕ್ಕದಾಗಿ ಸಿಡಿಎನ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕುಗಳಲ್ಲಿ ಸೇವೆ ಮಾಡುವ ಸಂಸ್ಥೆಗಳು ಇದನ್ನು ತಿಳಿದುಕೊಂಡು ಬಳಸಿಕೊಳ್ಳಬೇಕು ಎಂಬುದೇ ಈ ಲೇಖನದ ಕಳಕಳಿ.

ದೂರದ ಲೆಕ್ಕ

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಮೆರಿಕದ ಪೂರ್ವ ಕರಾವಳಿ ಇಲ್ಲಿಂದ ಸುಮಾರು 13 ಸಾವಿರ ಕಿಲೋಮೀಟರ್. ಹೋಗಿ ಬರುವುದಕ್ಕೆ 26 ಸಾವಿರ. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ಸಮುದ್ರದಡಿ ಸುತ್ತು ಹಾಕುತ್ತದೆ. ಹೀಗಾಗಿ ಒಂದು ಸುತ್ತಿಗೆ 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುವುದು ಮಾಮೂಲು. ಪುಟದ ಮೊದಲ ಅಕ್ಷರ ಕಾಣುವ ಮೊದಲೇ ಇಂಥ ಮೂರು ಸುತ್ತು ಆಗಬೇಕು. ಸಂಪರ್ಕ ಕೂಡಿಸುವುದಕ್ಕೆ ಒಂದು, ಗುಪ್ತಲಿಪಿಯ ಬೀಗ ಹೊಂದಿಸುವುದಕ್ಕೆ ಒಂದು, ಪುಟ ಕೇಳಿ ತರುವುದಕ್ಕೆ ಇನ್ನೊಂದು. ಅರ್ಧ ಸೆಕೆಂಡಿಗೂ ಮಿಕ್ಕಿ ಸಮಯ ಅಲ್ಲೇ ಕಳೆಯಿತು. ಆಮೇಲೆ ಫೋಟೊ, ಫಾಂಟು, ಮೆನು ಎಲ್ಲವೂ ಒಂದೊಂದಾಗಿ ಬರಬೇಕು. ಅದೇ ಪುಟದ ನಕಲು ಮುಂಬೈಯಲ್ಲಿದ್ದರೆ? ವಿಜಯಪುರದಿಂದ ಮುಂಬೈ ನೇರ ದೂರ ಸುಮಾರು 400 ಕಿಲೋಮೀಟರ್, ಬೆಂಗಳೂರು 500ರ ಒಳಗೆ. ಕೇಬಲ್ಲಿನ ಹಾದಿಗೆ ಕೆಲವೇ ಮಿಲಿಸೆಕೆಂಡು ಸಾಕು.

ಆಲಮಟ್ಟಿಯ ಹಿನ್ನೀರನ್ನು ಮುಳವಾಡ ಏತ ನೀರಾವರಿಯಿಂದ ಎತ್ತಿ ಊರೂರ ಕೆರೆ ತುಂಬಿಸಿದ್ದನ್ನು ಈ ಜಿಲ್ಲೆ ಕಂಡಿದೆ. ನೀರಿಗಾಗಿ ಪ್ರತಿ ಮನೆಯವರೂ ಕೃಷ್ಣೆಯ ದಂಡೆಗೆ ಹೋಗಬೇಕಿಲ್ಲ, ಊರ ಕೆರೆಯಲ್ಲೇ ಸಿಗುತ್ತದೆ. ಸಿಡಿಎನ್ ಮಾಡುವುದೂ ಇದನ್ನೇ. ಮೂಲ ಸರ್ವರಿನಿಂದ ಪುಟವನ್ನು ಒಮ್ಮೆ ತಂದು ಮುಂಬೈ, ಚೆನ್ನೈ, ದೆಹಲಿ, ಬೆಂಗಳೂರು, ಹೈದರಾಬಾದ್, ಸಿಂಗಪುರ, ಲಂಡನ್ ಹೀಗೆ ಹಲವು ಊರುಗಳಲ್ಲಿ ನಕಲು ಇಡುತ್ತದೆ. ಕೇಳಿದವರಿಗೆ ಹತ್ತಿರದ ಊರಿನಿಂದ ಕೊಡುತ್ತದೆ.

ಈ ವಿಚಾರ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 1995ರ ಸುಮಾರಿಗೇ ವೆಬ್ಬಿನ ದಟ್ಟಣೆಯ ತೊಂದರೆ ಮುಂದಿಟ್ಟಿದ್ದರು. ಗಣಿತದ ಪ್ರೊಫೆಸರ್ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ಅದಕ್ಕೊಂದು ಗಣಿತದ ದಾರಿ ಹುಡುಕಿದರು, 1998ರಲ್ಲಿ ಅಕಮೈ ಕಂಪನಿ ಕಟ್ಟಿದರು. 2010ರಲ್ಲಿ ಕ್ಲೌಡ್‌ಫ್ಲೇರ್ ಎಂಬ ಕಂಪನಿ ಬಂದು ಸಣ್ಣ ವೆಬ್‌ಸೈಟ್‌ಗಳಿಗೂ ಉಚಿತ ಯೋಜನೆ ತೆರೆಯಿತು. ದೊಡ್ಡ ಕಂಪನಿಗಳ ಸೊತ್ತಾಗಿದ್ದ ಅನುಕೂಲ ಅಲ್ಲಿಂದ ಬಡ ಸಂಸ್ಥೆಗಳ ಕೈಗೂ ಎಟುಕಿತು.

ಕನ್ನಡದ ಕಣ್ಣೆದುರಿನ ಉದಾಹರಣೆ

ಲಾಭದ ಆಸೆಯಿಲ್ಲದ ಸಂಸ್ಥೆಯೊಂದು ಸಿಡಿಎನ್‌ನಿಂದ ಹೇಗೆ ಬದುಕುತ್ತದೆ ಎಂಬುದಕ್ಕೆ ಕನ್ನಡ ವಿಕಿಪೀಡಿಯಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 2003ರಲ್ಲಿ ಶುರುವಾದ ಅದರಲ್ಲಿ ಇವತ್ತು 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ನಡೆಸುವುದು ವಿಕಿಮೀಡಿಯ ಫೌಂಡೇಶನ್. ಜಾಹೀರಾತಿಲ್ಲ, ದೇಣಿಗೆಯೇ ಆಧಾರ. ಅದು ತನ್ನದೇ ಸಿಡಿಎನ್ ಕಟ್ಟಿಕೊಂಡಿದೆ. ಮುಖ್ಯ ದತ್ತಾಂಶ ಕೇಂದ್ರಗಳು ಅಮೆರಿಕದಲ್ಲಿವೆ. ಏಷ್ಯಾದ ಓದುಗರಿಗಾಗಿ 2018ರಲ್ಲಿ ಸಿಂಗಪುರದಲ್ಲಿ ನಕಲು ಕೇಂದ್ರ ತೆರೆಯಿತು.

ಇದನ್ನು ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟ ತೆರೆದು ಎಫ್12 ಕೀಲಿ ಒತ್ತಿ. ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿ ಮೊದಲ ಸಾಲು ಒತ್ತಿದರೆ, ಸರ್ವರ್ ಕಳಿಸಿದ ವಿವರಗಳ ನಡುವೆ ‘ಎಕ್ಸ್-ಕ್ಯಾಶ್’ ಎಂಬ ಸಾಲು ಸಿಗುತ್ತದೆ. ಅದರಲ್ಲಿ ಯಂತ್ರದ ಹೆಸರಿರುತ್ತದೆ. ‘ಸಿಪಿ’ ಅಕ್ಷರಗಳ ಮುಂದಿನ ಅಂಕಿ 5 ಆದರೆ ಪುಟ ಬಂದದ್ದು ಸಿಂಗಪುರದಿಂದ, 1 ಆದರೆ ಅಮೆರಿಕದ ವರ್ಜೀನಿಯದಿಂದ. ಪಕ್ಕದಲ್ಲಿ ‘ಹಿಟ್’ ಎಂದಿದ್ದರೆ ನಕಲು ಅಲ್ಲೇ ಸಿಕ್ಕಿತು, ಮೂಲ ಸರ್ವರನ್ನು ಕೇಳುವ ಪ್ರಮೇಯ ಬರಲಿಲ್ಲ ಎಂದರ್ಥ. ‘ಮಿಸ್’ ಎಂದಿದ್ದರೆ ಮೂಲಕ್ಕೆ ಹೋಗಿ ತರಬೇಕಾಯಿತು. ನಿಮ್ಮ ಸಂಸ್ಥೆಯ ಪುಟಕ್ಕೂ ಇಂಥದೇ ಪರೀಕ್ಷೆ ಮಾಡಿ ನೋಡಿ, ಸಾಲಿನ ಹೆಸರು ಮಾತ್ರ ಬೇರೆ ಇರಬಹುದು.

ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದುವಂತೆ ಮಾಡಿದ ‘ವಚನ ಸಂಚಯ’ ತಾಣದ ಹಿಂದೆ ಇರುವುದು ಓಂಶಿವಪ್ರಕಾಶ್, ವಸುಧೇಂದ್ರ, ಒ.ಎಲ್. ನಾಗಭೂಷಣಸ್ವಾಮಿ ಮೊದಲಾದವರ ಶ್ರಮ. ವಚನ ಓದುವವರು ಬಾಗೇವಾಡಿಯಲ್ಲೂ ಇದ್ದಾರೆ, 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪುತ್ಥಳಿ ನಿಂತ ಲಂಡನ್ನಿನಲ್ಲೂ ಇದ್ದಾರೆ, ದುಡಿಯಲು ಹೋದ ಪುಣೆ, ಗೋವಾದಲ್ಲೂ ಇದ್ದಾರೆ. ಒಂದೇ ಸರ್ವರ್ ಈ ಎಲ್ಲರಿಗೂ ಹತ್ತಿರ ಆಗಲಾರದು, ಸಿಡಿಎನ್ ಆಗಬಲ್ಲದು.

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಲೇ ಊರೂರು ತಿರುಗಿ ವಚನಗಳ ತಾಳೆಗರಿ ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಸಂಗ್ರಹಿಸಿದ್ದು ಜನರ ಕೈಗೆ ಮುಟ್ಟದಿದ್ದರೆ ಕೆಲಸ ಅರ್ಧವೇ ಎಂಬುದು ಅವರಿಗೆ ಗೊತ್ತಿತ್ತು. ವೆಬ್‌ಸೈಟ್ ಮಾಡಿಸಿ ಉದ್ಘಾಟನೆಯ ದಿನ ಕೈತೊಳೆದುಕೊಳ್ಳುವ ಸಂಸ್ಥೆಗಳು ಈ ಹಿರಿಯರಿಂದ ಕಲಿಯಬೇಕಾದದ್ದು ಇದೇ.

ಕನ್ನಡ ಅಕ್ಷರಕ್ಕೆ ಮೂರು ಬೈಟ್

ಕನ್ನಡದ ಪುಟಗಳಿಗೆ ಇನ್ನೊಂದು ಭಾರವಿದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೇಕು. ‘ಬಸವಣ್ಣ’ ಎಂದು ಬರೆದರೆ ಬ, ಸ, ವ, ಣ, ಹಲಂತ ಚಿಹ್ನೆ (್), ಮತ್ತೊಂದು ಣ ಸೇರಿ 6 ಸಂಕೇತ, ಒಟ್ಟು 18 ಬೈಟ್. ಅದೇ ಹೆಸರು ರೋಮನ್ ಲಿಪಿಯಲ್ಲಿ 9 ಬೈಟ್. ಒತ್ತಕ್ಷರಗಳೆಲ್ಲ ಇರಬೇಕಾದ್ದರಿಂದ ಕನ್ನಡ ಫಾಂಟ್ ಫೈಲೂ ದಪ್ಪ. ಪಠ್ಯವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುವ ಜಿಜಿಪ್, ಬ್ರಾಟ್ಲಿ ಎಂಬ ವಿಧಾನಗಳನ್ನು ಸಿಡಿಎನ್‌ಗಳು ತಾವೇ ಹಚ್ಚುತ್ತವೆ. ಒಂದೇ ಬಗೆಯ ಸಂಕೇತಗಳು ಮತ್ತೆ ಮತ್ತೆ ಬರುವುದರಿಂದ ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಫಾಂಟ್ ಒಮ್ಮೆ ಬಂದರೆ ಓದುಗನ ಫೋನಿನಲ್ಲೇ ಉಳಿಯುವಂತೆ ಹೇಳುವ ಏರ್ಪಾಡೂ ಇದೆ.

ಆದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಅದರ ಚಿತ್ರ ತೆಗೆದು ಪುಟಕ್ಕೆ ಅಂಟಿಸುವ ಚಾಳಿ ಬಿಡಬೇಕು. ಮುನ್ನೂರು ಪದದ ಯೂನಿಕೋಡ್ ಪಠ್ಯ ಹತ್ತು ಕೆಬಿಗೂ ತುಸು ಕಡಿಮೆ. ಅದೇ ಚಿತ್ರವಾದರೆ ನೂರಾರು ಕೆಬಿ, ಜೊತೆಗೆ ಹುಡುಕಿದರೂ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಇಲ್ಲ. ವಾರ್ಷಿಕೋತ್ಸವದ ಫೋಟೊಗಳನ್ನು ಮೊಬೈಲಿನಿಂದ ಹಾಗೇ ಏರಿಸುವುದೂ ಇಂಥದ್ದೇ. ಒಂದೊಂದೂ ನಾಲ್ಕೈದು ಎಂಬಿ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ನೂರಿನ್ನೂರು ಕೆಬಿಗೆ ಬರುತ್ತದೆ. ಭಾರದ ಪುಟವನ್ನು ಹತ್ತಿರ ಇಟ್ಟರೂ ಅದು ಭಾರದ್ದೇ.

ಜಾತ್ರೆಯ ದಿನ, ಪ್ರವಾಹದ ದಿನ

ಸೇವಾ ಸಂಸ್ಥೆಗಳ ವೆಬ್‌ಸೈಟಿಗೆ ವರ್ಷವಿಡೀ ಜನ ಬರುವುದಿಲ್ಲ, ಬಂದರೆ ಒಮ್ಮೆಲೇ ಬರುತ್ತಾರೆ. ಬಸವ ಜಯಂತಿಯ ಬೆಳಿಗ್ಗೆ ಭಾಷಣಕ್ಕೆ ವಚನ ಹುಡುಕುವ ಶಿಕ್ಷಕರು, ಪ್ರವೇಶ ಪಟ್ಟಿ ಹಚ್ಚಿದ ದಿನ ಹಾಸ್ಟೆಲ್ ಹುಡುಗರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆಯ ಹಳ್ಳಿಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಎಲ್ಲಿ ಊಟ, ಎಲ್ಲಿ ತಂಗುವ ಜಾಗ, ದೇಣಿಗೆ ಎಲ್ಲಿಗೆ ಎಂದು ಒಂದೇ ತಾಸಿನಲ್ಲಿ ಸಾವಿರಾರು ಜನ ನೋಡುತ್ತಾರೆ. ಅಗ್ಗದ ಸರ್ವರ್ ಅಂಥ ಹೊತ್ತಿಗೇ ಕೈಕೊಡುತ್ತದೆ. ಸಿಡಿಎನ್ ಇದ್ದು ಪುಟಗಳ ನಕಲು ಇಡುವಂತೆ ಹೊಂದಿಸಿದ್ದರೆ ಆ ಸಾವಿರಾರು ಬೇಡಿಕೆಗಳಲ್ಲಿ ಹೆಚ್ಚಿನವು ಮೂಲ ಸರ್ವರನ್ನು ಮುಟ್ಟುವುದೇ ಇಲ್ಲ.

ಇಲ್ಲೊಂದು ಎಚ್ಚರ ಬೇಕು. ನಕಲು ಹಳತಾಗುತ್ತದೆ. ಗಂಜಿ ಕೇಂದ್ರದ ಫೋನ್ ನಂಬರ್ ಬದಲಾದರೆ ಸಿಡಿಎನ್‌ನಲ್ಲಿರುವ ಹಳೆಯ ನಕಲನ್ನು ಅಳಿಸುವ ‘ಪರ್ಜ್’ ಗುಂಡಿ ಎಲ್ಲಿದೆ ಎಂದು ಸಂಸ್ಥೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು.

ಕಳ್ಳರಿಗೂ ದಾಳಿಕೋರರಿಗೂ ತಡೆ

ಒಳ್ಳೆಯ ಕೆಲಸ ಮಾಡುವವರ ಮೇಲೆ ಯಾರು ದಾಳಿ ಮಾಡುತ್ತಾರೆ ಎಂದುಕೊಳ್ಳಬೇಡಿ. 2019ರ ಸೆಪ್ಟೆಂಬರ್ 6ರಂದು ವಿಕಿಪೀಡಿಯದ ಮೇಲೆ ಡಿಡಾಸ್ ದಾಳಿ ನಡೆಯಿತು. ವಶಪಡಿಸಿಕೊಂಡ ಅಸಂಖ್ಯ ಯಂತ್ರಗಳಿಂದ ಒಮ್ಮೆಲೇ ಸುಳ್ಳು ಬೇಡಿಕೆ ಸುರಿದು ಸರ್ವರನ್ನು ಉಸಿರುಗಟ್ಟಿಸುವುದು ಈ ದಾಳಿಯ ರೀತಿ. ಯುರೋಪ್, ಮಧ್ಯಪ್ರಾಚ್ಯದ ಹಲವು ಕಡೆ ತಾಸುಗಟ್ಟಲೆ ವಿಕಿಪೀಡಿಯ ತೆರೆಯಲಿಲ್ಲ. ಆಮೇಲೆ ಅಮೆರಿಕದ ಉದ್ಯಮಿ ಕ್ರೇಗ್ ನ್ಯೂಮಾರ್ಕ್ ಅವರ ದತ್ತಿಸಂಸ್ಥೆ ಅದರ ಭದ್ರತೆಗೆಂದೇ 25 ಲಕ್ಷ ಡಾಲರ್ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಸರದಿ ಇಂಟರ್‌ನೆಟ್ ಆರ್ಕೈವ್‌ನದು. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳೂ ಇರುವ ಈ ಗ್ರಂಥಭಂಡಾರ ಹಲವು ದಿನ ಮುಚ್ಚಿತ್ತು, 3.1 ಕೋಟಿ ಬಳಕೆದಾರರ ಖಾತೆಯ ವಿವರಗಳೂ ಸೋರಿದವು.

ಸಣ್ಣ ಸಂಸ್ಥೆಗಳಿಗೆ ಆಗುವುದು ಇನ್ನೊಂದು ಬಗೆಯ ಹಾನಿ. ವರ್ಷಗಟ್ಟಲೆ ಅಪ್‌ಡೇಟ್ ಮಾಡದ ವರ್ಡ್‌ಪ್ರೆಸ್ ಪ್ಲಗಿನ್ನಿನ ಕಿಂಡಿಯಿಂದ ಯಂತ್ರಗಳೇ ನುಗ್ಗಿ, ಶಾಲೆಯ ಪುಟದಲ್ಲಿ ಜೂಜಿನ ಕೊಂಡಿಗಳನ್ನು ತುರುಕಿ ಹೋಗುತ್ತವೆ.

ಸಿಡಿಎನ್ ಮುಂದೆ ನಿಂತರೆ ಮೂಲ ಸರ್ವರಿನ ವಿಳಾಸ ಹೊರಗಿನವರಿಗೆ ನೇರವಾಗಿ ಕಾಣುವುದಿಲ್ಲ. ಸುಳ್ಳು ಬೇಡಿಕೆಗಳ ಹೊರೆ ನೂರಾರು ಊರುಗಳ ಯಂತ್ರಗಳಿಗೆ ಹಂಚಿಹೋಗುತ್ತದೆ. ಪರಿಚಿತ ದಾಳಿಗಳ ಗುರುತು ಹಿಡಿದು ಸೋಸುವ ಗೋಡೆ ಇರುತ್ತದೆ. ವಿಳಾಸದ ಮುಂದೆ ‘ಎಚ್‌ಟಿಟಿಪಿಎಸ್’ ತರುವ ಪ್ರಮಾಣಪತ್ರವೂ ಪುಕ್ಕಟೆ. ಮಾನವ ಹಕ್ಕು, ಪತ್ರಿಕೋದ್ಯಮ, ಕಲೆ, ನಾಗರಿಕ ಸಮಾಜದ ಸಂಸ್ಥೆಗಳಿಗಾಗಿ ಕ್ಲೌಡ್‌ಫ್ಲೇರ್ 2014ರಿಂದ ‘ಪ್ರಾಜೆಕ್ಟ್ ಗೆಲಿಲಿಯೊ’ ನಡೆಸುತ್ತಿದೆ. ಅರ್ಜಿ ಒಪ್ಪಿಗೆಯಾದರೆ ದುಡ್ಡು ಕೊಟ್ಟು ಕೊಳ್ಳುವ ಮಟ್ಟದ ರಕ್ಷಣೆ ಉಚಿತ. ಸುದ್ದಿ, ಮಾನವ ಹಕ್ಕುಗಳ ತಾಣಗಳಿಗೆ ಗೂಗಲ್‌ನ ‘ಪ್ರಾಜೆಕ್ಟ್ ಶೀಲ್ಡ್’ ಇದೆ.

ಇದರಿಂದ ಆಗದ ಕೆಲಸ

ಸಿಡಿಎನ್ ಹಾಕಿದ ಮೇಲೆ ಎಲ್ಲ ಕ್ಷೇಮ ಎಂದು ಮಲಗುವಂತಿಲ್ಲ. ಸಡಿಲ ಪಾಸ್‌ವರ್ಡನ್ನು, ಸೋರಿಹೋದ ಕೀಲಿಯನ್ನು ಅದು ಕಾಯಲಾರದು. ದೇಣಿಗೆ ಫಾರ್ಮು, ಲಾಗಿನ್ ಆದ ಪುಟಗಳ ನಕಲು ಇಡಬಾರದು. ಇಟ್ಟರೆ ಒಬ್ಬರ ವಿವರ ಇನ್ನೊಬ್ಬರಿಗೆ ಕಂಡೀತು. ಎಲ್ಲರೂ ಒಂದೇ ಕಂಪನಿಯನ್ನು ನೆಚ್ಚಿದರೆ ಅದು ಬಿದ್ದ ದಿನ ಎಲ್ಲರೂ ಬೀಳುತ್ತಾರೆ. 2021ರ ಜೂನ್ 8ರಂದು ಫಾಸ್ಟ್ಲಿ ಎಂಬ ಸಿಡಿಎನ್, 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕೆಟ್ಟು ಜಗತ್ತಿನ ದೊಡ್ಡ ದೊಡ್ಡ ತಾಣಗಳೇ ನಿಂತಿದ್ದವು. ಹೀಗಾಗಿ ಇಡೀ ವೆಬ್‌ಸೈಟಿನ ಬ್ಯಾಕಪ್ ನಿಮ್ಮ ಕೈಯಲ್ಲೇ ಇರಲಿ. ಮಕ್ಕಳ ಫೋಟೊ, ರೋಗಿಗಳ ವಿವರ, ಫಲಾನುಭವಿಗಳ ಆಧಾರ್ ಪ್ರತಿ ಯಾವುದನ್ನೂ ತೆರೆದ ಪುಟದಲ್ಲಿ ಹಾಕಬಾರದು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕಾನೂನೇ ಬಂದಿದೆ.

ಮೊದಲು ಮಾಡಬೇಕಾದದ್ದು

ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ನೋಡಿ. ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲಿನಲ್ಲಿದ್ದರೆ ಸಂಸ್ಥೆಯ ಇಮೇಲಿಗೆ ತಂದುಕೊಳ್ಳಿ. ಆ ಖಾತೆಗೆ ಎರಡು ಹಂತದ ಬೀಗ ಹಾಕಿ. ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್‌ನಲ್ಲಿ ಖಾತೆ ತೆರೆದರೆ ಅದು ಎರಡು ನೇಮ್‌ಸರ್ವರ್ ಹೆಸರು ಕೊಡುತ್ತದೆ. ಡೊಮೇನ್ ಕೊಂಡ ಕಡೆ ಹಳೆಯ ಹೆಸರು ತೆಗೆದು ಇವನ್ನು ಬರೆದರೆ ಕೆಲವೇ ತಾಸಿನಲ್ಲಿ ಜೋಡಣೆಯಾಗುತ್ತದೆ. ಬದಲಾಯಿಸುವ ಮೊದಲು ಸಂಸ್ಥೆಯ ಇಮೇಲಿಗೆ ಸಂಬಂಧಿಸಿದ ಎಂಎಕ್ಸ್ ದಾಖಲೆಗಳು ಸಿಡಿಎನ್ ಖಾತೆಗೆ ಸರಿಯಾಗಿ ಬಂದಿವೆಯೇ ಎಂದು ತಾಳೆ ನೋಡಿ, ಇಲ್ಲದಿದ್ದರೆ ಮೇಲ್ ನಿಂತುಹೋಗುತ್ತದೆ. ಗುಪ್ತಲಿಪಿಯ ಆಯ್ಕೆಯಲ್ಲಿ ‘ಫುಲ್ ಸ್ಟ್ರಿಕ್ಟ್’ ಇರಲಿ. ಆಗ ಸಿಡಿಎನ್‌ನಿಂದ ಮೂಲ ಸರ್ವರಿನವರೆಗಿನ ಹಾದಿಗೂ ಬೀಗ ಬೀಳುತ್ತದೆ.

ಇದಕ್ಕೆ ಬೆಂಗಳೂರಿನಿಂದ ಪರಿಣತರು ಬರಬೇಕಿಲ್ಲ. ನಮ್ಮ ತಾಲ್ಲೂಕುಗಳ ಡಿಪ್ಲೊಮಾ, ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದಾರೆ. ಒಬ್ಬ ಉಪನ್ಯಾಸಕರ ಮಾರ್ಗದರ್ಶನದಲ್ಲಿ ನಾಲ್ಕು ವಿದ್ಯಾರ್ಥಿಗಳು ಊರಿನ ಒಂದು ಸೇವಾ ಸಂಸ್ಥೆಯ ವೆಬ್‌ಸೈಟನ್ನು ಪ್ರಾಜೆಕ್ಟ್ ಎಂದು ಎತ್ತಿಕೊಂಡರೆ, ಅವರಿಗೆ ಕಲಿಕೆ, ಸಂಸ್ಥೆಗೆ ಬಲ. ದೇಣಿಗೆ ಕೊಡುವವರೂ ಕಟ್ಟಡಕ್ಕೆ, ಅನ್ನಸಂತರ್ಪಣೆಗೆ ಕೊಟ್ಟಂತೆ ಇದಕ್ಕೂ ವರ್ಷಕ್ಕಿಷ್ಟು ಎಂದು ಎತ್ತಿಡಲಿ. ಅನಾಥ ಮಗುವಿಗೆ ಆಸರೆ ಹುಡುಕುವ ಅಜ್ಜಿ, ಮುದ್ದೇಬಿಹಾಳದಿಂದ ಗೋವಾಕ್ಕೆ ದುಡಿಯಲು ಹೋಗಿ ಮಗಳ ಹಾಸ್ಟೆಲ್ ಸೀಟಿಗಾಗಿ ಫೋನು ಒತ್ತುವ ತಂದೆ, ಇವರಿಗೆ ಸಂಸ್ಥೆಯ ಬಾಗಿಲೆಂದರೆ ಆ ಪುಟವೇ. ಅದು ಬೇಗ ತೆರೆಯಬೇಕು, ಅದರೊಳಗೆ ಮೋಸ ಇರಬಾರದು. ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೊಂದು ಸಾಲು ಸೇರಿಸಿ, ಒಬ್ಬರಿಗೆ ಜವಾಬ್ದಾರಿ ವಹಿಸಿ, ಮುಗಿಸಲು ಒಂದು ತಾರೀಖು ಬರೆದುಕೊಳ್ಳಿ.